ಅತ್ತೆಯ ಬಿಲ್ಲೆ

ಹಿಂದಿನ ಸೀಟಿನ ಕೆಳಗೆ ಯಾರೋ ಕಕ್ಕಿದ್ದು ಒಣಗಿ ಚಕ್ಕೆಯಾಗಿತ್ತು. ನೀರು ಚಿಮುಕಿಸಿ ನೆನೆಸಿ, ತಗಡಿನ ಚೂರಿನಿಂದ ಕೆರೆಯುತ್ತಿದ್ದೆ. ಬಸ್ಸಿನೊಳಗೆ ಮಂಡಿಯೂರಿ ಕೂತರೆ ಮೊದಲು ಸೊಂಟ ಹಿಡಿಯುತ್ತದೆ. ಆಮೇಲೆ ಕುತ್ತಿಗೆ. ಆಮೇಲೆ ಯಾವುದು ಹಿಡಿದಿದೆ ಅಂತಲೇ ತಿಳಿಯುವುದಿಲ್ಲ. ವಾಸನೆ ಮಾತ್ರ ಕೊನೆಯವರೆಗೂ ತಿಳಿಯುತ್ತದೆ.

ಹೊರಗೆ ಪೈಪು ಹಿಡಿದು ಗಾಜಿಗೆ ನೀರು ಬಿಡುತ್ತಿದ್ದವಳು ಗಟ್ಟಿಬಾಯಿ. ಹೆತ್ತವರು ಇಟ್ಟ ಹೆಸರು ಕರೆದರೆ ಅವಳು ತಿರುಗಿಯೂ ನೋಡುವುದಿಲ್ಲ. ಕಿಟಕಿಗೆ ಮುಖ ತಂದು ಕೇಳಿದಳು.

"ಅಕ್ಕಾ, ನಾಳೆ ಆ ವೀಸಾದವರು ನಿನ್ನ ಏನು ಕೇಳ್ತಾರಂತೆ?"

"ಕೆಲಸ ಇದೆಯಾ ಅಂತ ಕೇಳ್ತಾರಂತೆ."

"ಅದಕ್ಯಾಕೆ ಯೋಚನೆ. ಆ ಕಕ್ಕಿದ್ದನ್ನೇ ಒಂಚೂರು ಕಾಗದದಲ್ಲಿ ಸುತ್ಕೊಂಡು ಹೋಗಿ ತೋರಿಸು."

ಇಬ್ಬರೂ ನಕ್ಕೆವು. ನಕ್ಕರೆ ಸೊಂಟ ಇನ್ನೂ ಹಿಡಿಯುತ್ತದೆ. ಅವಳಿಗೂ ಗೊತ್ತು.

ಹೊರದೇಶಕ್ಕೆ ಹೋಗಬೇಕು ಅಂತ ನಾನು ಕನಸು ಕಂಡವಳಲ್ಲ. ಅಲ್ಲಿ ನನ್ನ ತಂಗಿ ಇದ್ದಾಳೆ. ಅವಳನ್ನು ಹೆತ್ತು ಮಲಗಿದ ಅವ್ವ ಮತ್ತೆ ಏಳಲಿಲ್ಲ. ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದೆ. ದೊಡ್ಡವಳಾದ ಮೇಲೆ ಒಂದು ಸಂಸಾರದ ಮಗು ನೋಡಿಕೊಳ್ಳಲು ಅವರ ಜೊತೆ ಆ ದೇಶಕ್ಕೆ ಹೋದಳು. ಮಗು ಬೆಳೆಯಿತು. ಆಮೇಲೆ ಮುದುಕರ ಸೇವೆಗೆ ನಿಂತಳು. ಮುದುಕರು ಹೋದರು. ಇವಳು ಅಲ್ಲೇ ಉಳಿದಳು. ಈಗ ಇವಳ ಹೊಟ್ಟೆಯಲ್ಲಿ ಗಡ್ಡೆ. ಕುಯ್ದು ತೆಗೆಯುವ ಹಂತ ದಾಟಿದೆ ಅಂತ ಡಾಕ್ಟರು ಹೇಳಿದರಂತೆ. ಪ್ರಯಾಣ ಮಾಡುವ ಹಾಗಿಲ್ಲ. ಫೋನು ಮಾಡಿದಾಗಲೆಲ್ಲ ಒಂದೇ ಮಾತು: ಅಕ್ಕ, ಒಂದ್ಸಲ ಬಾ, ಚಿಕ್ಕವರಿದ್ದಾಗಿನ ಹಾಗೆ ಬೆನ್ನಿಗೆ ಬೆನ್ನು ಕೊಟ್ಟು ಮಲಕೋ. ಟಿಕೆಟ್ಟು ಅವಳದೇ. ಉಳಿಯುವುದು ಅವಳ ಕೋಣೆಯಲ್ಲೇ. ನಾನು ಒಪ್ಪಿಗೆ ಪಡೆದು ವಿಮಾನ ಹತ್ತಿದರೆ ಸಾಕು.

ಆ ಒಪ್ಪಿಗೆಗೆ ಏನೇನು ಬೇಕು ಅಂತ ರಾತ್ರಿಶಾಲೆಯ ಟೀಚರಮ್ಮ ಓದಿ ಹೇಳಿದರು. ನನಗೆ ಅಕ್ಷರ ಕಲಿಸಿದವರು ಅವರೇ. ಅರ್ಜಿ ಬೇರೆ ಭಾಷೆಯಲ್ಲಿತ್ತು, ಅವರೇ ತುಂಬಿದರು. ಪಾಸ್‌ಪೋರ್ಟು ಆಯಿತು. ತಂಗಿಯ ಕರೆಪತ್ರ ಬಂತು. ಅವಳ ಡಾಕ್ಟರ ಕಾಗದ ಬಂತು. ಫೋಟೋಕ್ಕೆ ಹೋದೆ. ಎರಡು ಕಿವಿಯೂ ಕಾಣಬೇಕಂತೆ, ಹಿಂದೆ ಬಿಳಿ ಗೋಡೆ ಇರಬೇಕಂತೆ, ನಗಬಾರದಂತೆ. ಫೋಟೋದವನು ಮೂರು ಸಲ ಹೇಳಿದ, ನಗಬೇಡಿ ಅಜ್ಜಿ. ನಗ್ತಿಲ್ಲಪ್ಪ, ಮುಂದಿನ ಹಲ್ಲಿಲ್ಲ, ಬಾಯಿ ಹಾಗೆ ಕಾಣುತ್ತೆ ಅಂದೆ. ಅವನೇ ನಕ್ಕುಬಿಟ್ಟ.

ಇನ್ನು ಉಳಿದದ್ದು ಒಂದು. ನಾನು ಇಲ್ಲಿ ಕೆಲಸದಲ್ಲಿದ್ದೇನೆ, ರಜೆಯ ಮೇಲೆ ಹೋಗಿ ಮತ್ತೆ ಇದೇ ಕೆಲಸಕ್ಕೆ ಬರುತ್ತೇನೆ ಅಂತ ಕೆಲಸ ಕೊಟ್ಟವರು ಬರೆದುಕೊಡುವ ಪತ್ರ. ಗುತ್ತಿಗೆದಾರನನ್ನು ಕೇಳಿದೆ. ನೋಡೋಣ ಅಂದ. ಮತ್ತೆ ಕೇಳಿದೆ. ನೋಡೋಣ ಅಂದೆನಲ್ಲ ಅಂದ. ವೀಸಾ ಕಚೇರಿಯ ದಿನ ಬಂದೇಬಿಟ್ಟಿತು. ಪತ್ರ ಇಲ್ಲದಿದ್ದರೇನು, ಬಿಲ್ಲೆ ಇದೆಯಲ್ಲ ಅಂದುಕೊಂಡೆ. ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದು? ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ, ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡೆ. ಟೀಚರಮ್ಮನಿಗೆ ಹೇಳಲಿಲ್ಲ. ಹೇಳಬೇಕಾದ್ದು ಅಂತ ಅನ್ನಿಸಲೇ ಇಲ್ಲ.

ಬಿಲ್ಲೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅದು ಹಿತ್ತಾಳೆಯ ದುಂಡು ತಗಡು. ಮೇಲೆ ಹೆಸರು ಕೊರೆದಿರುತ್ತದೆ. ಬಸ್ ತೊಳೆಯುವ ಗುತ್ತಿಗೆ ಮೊದಲು ಹಿಡಿದದ್ದು ಈಗಿನವನ ಅಪ್ಪ. ಅವನು ಆಗ ಬರೆಸಿದ ಹೆಂಗಸರ ಹೆಸರುಗಳೇ ಇವತ್ತಿಗೂ ಹಾಜರಿಯಲ್ಲಿವೆ. ಒಬ್ಬಳು ಬಿದ್ದರೆ, ಸತ್ತರೆ, ಅವಳ ಬಿಲ್ಲೆ ಸೊಸೆಗೋ ಮಗಳಿಗೋ ಬರುತ್ತದೆ. ಹೆಸರು ಬದಲಾಗುವುದಿಲ್ಲ. ನನ್ನ ಅತ್ತೆ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದು ಹಾಸಿಗೆ ಹಿಡಿದ ಮಾರನೆಯ ಬೆಳಿಗ್ಗೆ ಅವರ ಬಿಲ್ಲೆ ನನ್ನ ಸೀರೆಗೆ ಪಿನ್ನಾಯಿತು. ಆಗ ನನ್ನ ಕೂದಲು ಕಪ್ಪಗಿತ್ತು. ಅತ್ತೆ ತೀರಿಕೊಂಡರು. ಹಾಜರಿಯಲ್ಲಿ ತೀರಿಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಅವರ ಹೆಸರು ಕೂಗುತ್ತಾರೆ, ನಾನು ಬಂದಿದೀನಿ ಅನ್ನುತ್ತೇನೆ. ನಮ್ಮಲ್ಲಿ ಎಲ್ಲರೂ ಹೀಗೆಯೇ. ಸತ್ತವರೆಲ್ಲ ಬಂದ್ರಾ, ಇನ್ನು ಶುರು ಮಾಡೋಣ ಅಂತ ಗಟ್ಟಿಬಾಯಿ ದಿನಾ ಹೇಳುತ್ತಾಳೆ.

ನಗು ಅಲ್ಲಿಗೇ ಮುಗಿಯುತ್ತದೆ. ಕೈಲಾಗದೆ ಕೆಲಸ ಬಿಟ್ಟವಳು ಕೊನೆಯಲ್ಲಿ ಬರಬೇಕಾದ ದುಡ್ಡು ಕೇಳಿದರೆ, ನೀನ್ಯಾರು, ಆ ಹೆಸರಿನವಳು ನೀನಲ್ಲವಲ್ಲ ಅನ್ನುತ್ತಾರೆ. ಹೆಸರಿನವಳು ಮಣ್ಣಲ್ಲಿರುತ್ತಾಳೆ. ದುಡಿದವಳು ಬರಿಗೈಯಲ್ಲಿ ಗೇಟು ದಾಟುತ್ತಾಳೆ.

ವೀಸಾ ಕಚೇರಿ ತಣ್ಣಗಿತ್ತು. ಬಾಗಿಲಲ್ಲಿ ಕಾವಲಿನವನು ಚೀಲ ಬಿಚ್ಚಿಸಿದ, ನೀರಿನ ಬಾಟಲಿ ತೆಗೆದಿಟ್ಟುಕೊಂಡ. ಎರಡು ಸಲ ಸ್ನಾನ ಮಾಡಿ ಹೋಗಿದ್ದೆ. ಆದರೂ ನಾನು ಕೂತ ಸ್ವಲ್ಪ ಹೊತ್ತಿಗೆ ಪಕ್ಕದ ಹೆಂಗಸು ಮೂಗು ಸರಿಮಾಡಿಕೊಳ್ಳುವವಳ ಹಾಗೆ ಮಾಡಿ ಎದ್ದು ಬೇರೆ ಕುರ್ಚಿಗೆ ಹೋದಳು. ಫಿನಾಯಿಲು ಚರ್ಮದ ಒಳಗೆ ಹೋಗಿರುತ್ತದೆ. ಅದು ಸೋಪಿಗೆ ಬಿಡುವುದಿಲ್ಲ.

ಗಾಜಿನ ಆಚೆ ಒಂದು ಹುಡುಗಿ. ಒಳ್ಳೆಯವಳೇ. ಅಮ್ಮ ಅಂತಲೇ ಕರೆದಳು. ಕಾಗದ ಒಂದೊಂದೇ ತಿರುವಿ ಕೆಲಸದ ಪತ್ರ ಎಲ್ಲಿ ಅಂದಳು. ನಾನು ಗಂಟು ಬಿಚ್ಚಿ ಬಿಲ್ಲೆಯನ್ನು ಗಾಜಿನ ಕೆಳಗಿನ ಸಂದಿಯಲ್ಲಿ ತಳ್ಳಿದೆ. ಅವಳು ಅದನ್ನು ತಿರುಗಿಸಿ ನೋಡಿದಳು. ಪಾಸ್‌ಪೋರ್ಟು ನೋಡಿದಳು. ಮತ್ತೆ ಬಿಲ್ಲೆ ನೋಡಿದಳು.

"ಇದರಲ್ಲಿರೋ ಹೆಸರು ಯಾರದಮ್ಮ?"

"ನಮ್ಮತ್ತೆದು."

"ಅವರೆಲ್ಲಿದಾರೆ?"

"ತೀರಿಕೊಂಡ್ರು."

"ಮತ್ತೆ ಅವರ ಕೆಲಸಕ್ಕೆ ಈಗ ಯಾರು ಬರ್ತಿದಾರೆ?"

"ಅವರೇ," ಅಂದೆ. ಬಾಯಿಗೆ ಹಾಗೇ ರೂಢಿ. "ಅಂದ್ರೆ, ಅವರ ಹೆಸರಲ್ಲಿ ನಾನು."

ಹುಡುಗಿ ಎದ್ದು ಒಳಗೆ ಹೋದಳು. ನನ್ನ ಹಿಂದಿನ ಸಾಲಿನಲ್ಲಿ ಯಾರೋ ಇನ್ನೆಷ್ಟು ಹೊತ್ತು ಅಂತ ಗೊಣಗಿದರು. ಅವಳ ಜೊತೆ ಟೈ ಕಟ್ಟಿದ ಒಬ್ಬ ಬಂದ. ಅವನು ಬಿಲ್ಲೆಯನ್ನು ಮುಟ್ಟಲಿಲ್ಲ, ಪೆನ್ನಿನ ತುದಿಯಿಂದ ಸರಿಸಿ ಓದಿದ. ಇನ್ನೊಬ್ಬರ ಹೆಸರಿನಲ್ಲಿ ಸಂಬಳ ತಗೊಳ್ತೀರಾ ಅಂದ. ಹೌದು ಅಂದೆ. ಎಷ್ಟು ವರ್ಷದಿಂದ ಅಂದ. ಹೇಳಿದೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೇಬುಗಳ್ಳಿ ಸಿಕ್ಕಿಬಿದ್ದಾಗ ಬಸ್ಸಿನಲ್ಲಿ ಜನ ಹಾಗೆ ನೋಡಿಕೊಳ್ಳುತ್ತಾರೆ. ಮೈಕಿನಲ್ಲಿ ಅವನ ಮಾತು ಇಡೀ ಹಾಲಿಗೆ ಕೇಳಿಸುತ್ತಿತ್ತು. ನೀವು ಅಲ್ಲಿಗೆ ಹೋದ ಮೇಲೂ ಬೇರೆ ಹೆಸರು ಇಟ್ಕೊಂಡು ಉಳಿದುಬಿಟ್ರೆ ನಾವೇನು ಮಾಡೋಣ, ವಾಪಸ್ ಬರ್ತೀರಿ ಅನ್ನೋದಕ್ಕೆ ಏನು ಆಧಾರ ಅಂದ.

"ಬರದೆ ಎಲ್ಲಿಗೆ ಹೋಗ್ಲಿ ಸಾರ್."

ಅದು ಆಧಾರ ಅಲ್ಲ ಅಂದ. ನಿಮ್ಮದೇ ಹೆಸರಿನಲ್ಲಿ ಕೆಲಸದ ಪತ್ರ ತಂದರೆ ಸರಿ. ತಿಂಗಳ ಕೊನೆಯೊಳಗೆ. ಇಲ್ಲದಿದ್ದರೆ ಫೈಲು ಮುಚ್ಚುತ್ತೇವೆ. ಹುಡುಗಿ ಬಿಲ್ಲೆಯನ್ನು ವಾಪಸ್ ತಳ್ಳಿದಳು. ತಳ್ಳಿದ ಮೇಲೆ ಬಾಟಲಿಯಿಂದ ಏನೋ ಹಾಕಿಕೊಂಡು ಕೈ ಉಜ್ಜಿಕೊಂಡಳು. ಎಲ್ಲರಿಗೂ ಹಾಗೇ ಮಾಡುತ್ತಾಳೋ ಏನೋ. ನಾನು ನಿಂತು ನೋಡಲಿಲ್ಲ.

ಬಸ್ಸಿನಲ್ಲಿ ಮನೆಗೆ ಬಂದೆ. ನಾವೇ ತೊಳೆದ ಬಸ್ಸು. ಕೂರಲು ಜಾಗವಿರಲಿಲ್ಲ.

ಇನ್ನೊಂದು ವಿಷಯ ಇತ್ತು. ತಂಗಿಯ ಕಾಯಿಲೆಯ ಸುದ್ದಿ ಬರುವ ಮೊದಲೇ ನಾವು ಬಸ್ ಡಿಪೋದ ಹೆಂಗಸರೆಲ್ಲ ಸೇರಿ ಕಾರ್ಮಿಕ ಇಲಾಖೆಗೆ ಒಂದು ಪತ್ರ ಬರೆದಿದ್ದೆವು. ಬರೆದವಳು ನಾನು. ಅಷ್ಟು ಉದ್ದಕ್ಕೆ ನಾನು ಬರೆದದ್ದು ಅದೇ ಮೊದಲು. ನಾವು ಬದುಕಿದ್ದೇವೆ, ಕೆಲಸ ಮಾಡುತ್ತಿರುವವರು ನಾವು, ಹಾಜರಿಯಲ್ಲಿ ನಮ್ಮ ಹೆಸರು ಬರೆಸಿಕೊಡಿ ಅಂತ. ಸಹಿ ಬಂದವರು ಸಹಿ ಹಾಕಿದ್ದರು, ಬಾರದವರು ಹೆಬ್ಬೆಟ್ಟು ಒತ್ತಿದ್ದರು. ಅಷ್ಟರಲ್ಲಿ ತಂಗಿ ಕರೆದಳು. ಗುತ್ತಿಗೆದಾರನನ್ನು ಕೆರಳಿಸಿದರೆ ಅವನು ನನಗೆ ಕೆಲಸದ ಪತ್ರ ಕೊಡುತ್ತಾನಾ? ಹೆಂಗಸರೇ ಕೂತು ಮಾತಾಡಿಕೊಂಡರು. ಗಟ್ಟಿಬಾಯಿ ಬಂದು ಹೇಳಿದಳು, ನೀನು ಮೊದಲು ಹೋಗಿ ಬಾ ಅಕ್ಕ, ನಾವು ಇಷ್ಟು ದಿನ ಸತ್ತಿದೀವಿ, ಇನ್ನು ನಾಲ್ಕು ದಿನ ಸತ್ತಿರ್ತೀವಿ. ಇಲಾಖೆಯ ಪತ್ರ ನನ್ನ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಉಳಿಯಿತು. ಮಳೆಗಾಲ ಹೋಗಿ ಚಳಿ ಬಂದು, ಚಳಿಯೂ ಹೋಗಿತ್ತು.

ವೀಸಾ ಕಚೇರಿಯಲ್ಲಿ ಆದದ್ದನ್ನು ಗುತ್ತಿಗೆದಾರನಿಗೆ ಹೇಳಿದೆ. ಟೈರುಗಳ ರಾಶಿಯ ಹಿಂದೆ ಅವನ ಕೋಣೆ. ಅವನು ಈ ಸಲ ನೋಡೋಣ ಅನ್ನಲಿಲ್ಲ. ಕೂತ್ಕೋ ಅಂದ. ಅವನ ಎದುರು ನಾವು ಕೂತದ್ದೇ ಇಲ್ಲ. ನಾನು ಕುರ್ಚಿಯ ತುದಿಯಲ್ಲಿ ಕೂತೆ. ಬಿಲ್ಲೆ ಅಲ್ಲಿ ಯಾಕೆ ತೋರಿಸಿದೆ, ಸ್ವಲ್ಪ ಬುದ್ಧಿ ಬೇಡ್ವಾ ಅಂದ. ಎರಡು ಕಾಗದ ಟೈಪು ಮಾಡಿಸಿ ಮುಂದಿಟ್ಟ.

ಒಂದು ವೀಸಾದವರಿಗೆ. ನಾನು ಅವನ ಮನೆಯಲ್ಲಿ ಅಡುಗೆಗೆ ಇದ್ದೇನೆ, ನನ್ನದೇ ಹೆಸರು, ಅವನು ರಜೆ ಕೊಟ್ಟಿದ್ದಾನೆ, ವಾಪಸ್ ಬಂದರೆ ಕೆಲಸ ಇದೆ ಅಂತ. ಇನ್ನೊಂದು ಅವನ ಫೈಲಿಗೆ. ನಾನು ಡಿಪೋದಲ್ಲಿ ಎಂದೂ ಕೆಲಸ ಮಾಡಿಲ್ಲ. ಅಲ್ಲಿ ಯಾರೂ ಇನ್ನೊಬ್ಬರ ಹೆಸರಿನಲ್ಲಿ ದುಡಿಯುವುದಿಲ್ಲ, ಇದನ್ನು ನಾನು ಬಲ್ಲೆ ಅಂತ. ಕೆಳಗೆ ನನ್ನ ಸಹಿಗೆ ಜಾಗ.

ಅವನು ಮುಚ್ಚಿಡಲಿಲ್ಲ. ಏನೋ ಅರ್ಜಿ ಗಿರ್ಜಿ ಬರೀತಿದೀರಂತೆ, ನನ್ನ ಕಿವಿಗೂ ಬಿತ್ತು ಅಂದ. ನಿಮ್ಮ ಹೆಸರೆಲ್ಲ ಹಾಜರಿಗೆ ಬಂದರೆ ನನ್ನ ಗುತ್ತಿಗೆ ಉಳಿಯಲ್ಲ ಅಂದ. ಅವನ ಮುಖವೂ ದಣಿದಿತ್ತು. ಬೈಯುವವನನ್ನು ತಡೆದುಕೊಳ್ಳಬಹುದು, ದಣಿದವನ ಎದುರು ಏನು ಮಾಡುವುದು?

"ಒಂದು ಸಹಿ ಅಜ್ಜಿ. ಹಾಕು, ತಂಗೀನ ನೋಡ್ಕೊಂಡು ಬಾ. ಈ ವಯಸ್ಸಲ್ಲಿ ನಿನಗ್ಯಾಕೆ ಊರಿನ ಉಸಾಬರಿ."

ನಾಳೆ ಬರುತ್ತೇನೆ ಅಂದೆ.

ಗಟ್ಟಿಬಾಯಿಗೆ ಹೇಳಿದೆ. ಅವಳು ಸುಮ್ಮನಾದದ್ದು ನಾನು ನೋಡಿದ್ದು ಅವತ್ತೇ. ಪೈಪಿನ ನೀರು ನೆಲಕ್ಕೆ ಹರಿದು ಹೋಗುತ್ತಿತ್ತು. ನಲ್ಲಿ ನಿಲ್ಲಿಸಿ ಬಂದು ಅಂದಳು, "ನಿನ್ನ ತಂಗಿ. ನಿನ್ನ ಕೈ. ನಾನೇನು ಹೇಳ್ಲಿ ಅಕ್ಕ."

ತಂಗಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ. ಬೇಡ ಅಕ್ಕ, ಅವರ ಹೊಟ್ಟೆ ಮೇಲೆ ಹೊಡೀಬೇಡ ಅನ್ನುತ್ತಾಳೆ ಅಂತ ನನ್ನ ಆಸೆ. ಅವಳು ಹಾಗೆ ಅನ್ನಲಿಲ್ಲ. ಉಸಿರು ಎಳೆದುಕೊಂಡು ಎಳೆದುಕೊಂಡು ಮಾತಾಡಿದಳು.

"ಹಾಕು ಅಕ್ಕ. ನನಗೆ ಯಾರ ಹೆಸರೂ ಬೇಡ. ನೀನು ಬಾ."

ಅವಳು ಸುಳ್ಳು ಹೇಳಲಿಲ್ಲ. ಸಾಯುವವಳು ದೊಡ್ಡ ಮಾತು ಯಾಕೆ ಆಡಬೇಕು?

ಸಹಿ ಹಾಕುವುದಕ್ಕೇ ಹೋದೆ. ಕೈ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಂಡು ಹೋದೆ, ಕಾಗದ ಕೊಳೆಯಾಗಬಾರದು ಅಂತ. ಮನಸ್ಸಿನಲ್ಲಿ ಚೀಲವನ್ನೂ ತುಂಬಿಕೊಂಡಿದ್ದೆ. ಎರಡು ಸೀರೆ, ಮಾತ್ರೆ, ಮೊಣಕಾಲಿನ ಎಣ್ಣೆ.

ಕೋಣೆಯಲ್ಲಿ ಆಗಲೇ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬಳು ನಮ್ಮವಳೇ, ಕುಂಟಕ್ಕ ಅಂತ ಕರೆಯುವುದು. ಅವಳ ಕೈ ನಡುಗತೊಡಗಿ ಬಕೆಟ್ಟು ಎತ್ತಲಾಗುತ್ತಿರಲಿಲ್ಲ. ಇನ್ನೊಬ್ಬಳು ಅವಳ ಸೊಸೆ. ಗಂಡ ಸತ್ತವಳು. ಗುತ್ತಿಗೆದಾರ ಕುಂಟಕ್ಕನ ಕಡೆ ಕೈ ಚಾಚಿದ. ಅವಳಿಗೆ ಪಿನ್ನು ಬಿಚ್ಚಲಾಗಲಿಲ್ಲ, ಬೆರಳು ನಿಲ್ಲಲಿಲ್ಲ. ಸೊಸೆಯೇ ಬಿಚ್ಚಿದಳು. ಬಿಚ್ಚಿದ ಜಾಗದಲ್ಲಿ ಸೀರೆಗೆ ತುಕ್ಕಿನ ಎರಡು ತೂತು. ಕುಂಟಕ್ಕ ಆ ಜಾಗವನ್ನು ಅಂಗೈಯಿಂದ ಮುಚ್ಚಿಕೊಂಡಳು, ಮೈ ಕಾಣುತ್ತಿದೆಯೇನೋ ಅನ್ನುವ ಹಾಗೆ.

ಆ ಬಿಲ್ಲೆಯ ಮೇಲಿದ್ದದ್ದು ಕುಂಟಕ್ಕನ ಹೆಸರೂ ಅಲ್ಲ. ಅವಳ ಅತ್ತೆಯದು.

ಗುತ್ತಿಗೆದಾರ ಅದನ್ನು ಸೊಸೆಯ ಕೈಗೆ ಇಟ್ಟ. ನಾಳೆಯಿಂದ ಬಾ, ಈ ಹೆಸರು ಕೂಗಿದಾಗ ಬಂದಿದೀನಿ ಅನ್ನು ಅಂದ. ನನ್ನ ಕಡೆ ಪೆನ್ನು ತಳ್ಳಿದ. ನಾನು ಮುಚ್ಚಳ ತೆಗೆದೆ.

ಸೊಸೆ ಹೋಗಲಿಲ್ಲ. ಬಿಲ್ಲೆಯನ್ನು ತಿರುಗಿಸಿ ನೋಡುತ್ತಿದ್ದಳು. ಅವಳಿಗೆ ಓದು ಬರುತ್ತದೆಯೋ ಇಲ್ಲವೋ.

"ನನ್ನ ಹೆಸರು ಬರೆಯಲ್ವಾ ಸಾರ್?"

ಅವನು ನಕ್ಕ. ಕೆಟ್ಟ ನಗು ಅಲ್ಲ. ಮಕ್ಕಳ ಪ್ರಶ್ನೆಗೆ ನಗುವ ಹಾಗೆ. ನನ್ನನ್ನು ತೋರಿಸಿ ಅಂದ, "ಇದೋ ಈ ಅಜ್ಜೀನ ಕೇಳು. ಕೂದಲು ಬೆಳ್ಳಗಾಗೋವರೆಗೂ ದುಡಿದಿದಾಳೆ. ಹೆಸರಿಲ್ಲ ಅಂತ ಏನಾದ್ರೂ ಕೊರತೆ ಆಗಿದ್ಯಾ? ಹೇಳಮ್ಮ ನೀನೇ."

ಮೂವರೂ ನನ್ನ ಕಡೆ ನೋಡಿದರು. ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಅಥವಾ ಸುಮ್ಮನೆ ಸಹಿ ಹಾಕಿ ಎದ್ದಿದ್ದರೂ ಆಗುತ್ತಿತ್ತು. ಪೆನ್ನಿನ ಮೊನೆ ಕಾಗದ ಮುಟ್ಟಿ ಒಂದು ಚುಕ್ಕೆ ಬಿದ್ದಿತ್ತು. ಕುಂಟಕ್ಕನ ಅಂಗೈ ಇನ್ನೂ ಸೀರೆಯ ತೂತಿನ ಮೇಲೇ ಇತ್ತು.

"ಆಗಿದೆ," ಅಂದೆ.

ಅವನಿಗೆ ಕೇಳಿಸಲಿಲ್ಲವೋ ಏನೋ. ಏನಂದೆ ಅಂದ.

"ಕೊರತೆ ಆಗಿದೆ. ಸತ್ತೋರ ಹೆಸರಲ್ಲಿ ದುಡಿದು ನಾನು ಬದುಕಿದೀನಿ ಅಂತ ಹೇಳೋಕೆ ಒಬ್ಬ ಸಾಕ್ಷಿ ಇಲ್ಲ. ತಂಗಿ ಮುಖ ನೋಡೋಕೆ ಆಗ್ತಿಲ್ಲ. ಈ ಹುಡುಗಿ ಹೆಸರು ಬರೀರಿ."

ಬರೆಯದಿದ್ದರೆ ಅಂದ.

"ಇದಕ್ಕೆ ನಾನು ಸಹಿ ಹಾಕಲ್ಲ."

ಪೆನ್ನಿಗೆ ಮುಚ್ಚಳ ಹಾಕಿ ಇಟ್ಟೆ. ಅವನು ಕೂಗಾಡಲಿಲ್ಲ. ನಿನ್ನ ಬಿಲ್ಲೆ ಇಟ್ಟು ಹೋಗು ಅಂದ. ಬಿಚ್ಚಿ ಇಟ್ಟೆ. ಹೊರಗೆ ಬಂದೆ. ಗೆದ್ದೆ ಅಂತ ಏನೂ ಅನ್ನಿಸಲಿಲ್ಲ. ಟೈರಿನ ಮೇಲೆ ಕೂತೆ. ಕುಂಟಕ್ಕ ಬಂದು ಪಕ್ಕದಲ್ಲಿ ಕೂತಳು. ಅಲ್ಲಿಂದಲೇ ತಂಗಿಗೆ ಫೋನು ಮಾಡಿದೆ. ಬರಲಾಗುವುದಿಲ್ಲ ಅನ್ನಬೇಕಿತ್ತು. ಸಹಿ ಹಾಕಲಿಲ್ಲ ಅಂದೆ. ಅವಳು ಫೋನು ಇಟ್ಟಳು. ಮತ್ತೆ ಮಾಡಿದೆ. ಎತ್ತಲಿಲ್ಲ. ಮಾರನೆಯ ದಿನವೂ ಎತ್ತಲಿಲ್ಲ. ನಾನು ಹೊತ್ತು ಬೆಳೆಸಿದ ಹುಡುಗಿ. ಸಿಟ್ಟು ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು, ಕರೆದರೆ ತಿರುಗುತ್ತಿರಲಿಲ್ಲ.

ಪತ್ರವನ್ನು ಪೆಟ್ಟಿಗೆಯಿಂದ ತೆಗೆದೆ. ಕುಂಟಕ್ಕನ ಸೊಸೆ ಬಂದು ಕೊನೆಯಲ್ಲಿ ತನ್ನ ಹೆಸರು ಸೇರಿಸಿದಳು. ಅವಳಿಗೆ ಬರೆಯಲು ಬರುತ್ತಿತ್ತು. ನನ್ನ ಅಕ್ಷರಕ್ಕಿಂತ ದುಂಡಗಿತ್ತು. ಗಟ್ಟಿಬಾಯಿಗೆ ಬಾಯಿ ವಾಪಸ್ ಬಂದಿತ್ತು.

"ಇದರದ್ದೇ ಒಂದು ಕಾಪಿ ಆ ಗಾಜಿನ ಹುಡುಗಿಗೂ ಕಳಿಸು ಅಕ್ಕ. ವಾಪಸ್ ಬರೋಕೆ ಏನು ಆಧಾರ ಅಂದ್ರಲ್ಲ. ಇಲ್ಲಿ ಜಗಳ ಹಚ್ಚಿಟ್ಟು ಹೋದೋಳು ಬರದೆ ಇರ್ತಾಳಾ?"

ನಾವೆಲ್ಲ ನಕ್ಕೆವು. ಟೀಚರಮ್ಮ ನಗಲಿಲ್ಲ. ಕಾಪಿ ಮಾಡಿಸಿಕೊಂಡು ಬಂದು, ಫೈಲಿನ ನಂಬರು ಬರೆದು, ತಮ್ಮ ಕೈಯಿಂದ ನಾಲ್ಕು ಸಾಲು ಸೇರಿಸಿ ಅದನ್ನೂ ಒಂದು ಕವರಿಗೆ ಹಾಕಿದರು. ವೀಸಾದವರು ಒಪ್ಪುತ್ತಾರೆ ಅಂತ ನನಗೆ ಅನ್ನಿಸಲಿಲ್ಲ. ಟೀಚರಮ್ಮನಿಗೂ ಅನ್ನಿಸಿರಲಿಲ್ಲ. ಆದರೂ ಅದನ್ನು ಆ ಗಾಜಿನ ಕಚೇರಿಯ ಬಾಗಿಲಲ್ಲಿ ತಾವೇ ಕೊಟ್ಟುಬಂದರು.

ಇಲಾಖೆಯ ಕವರನ್ನು ನಾನೇ ತೆಗೆದುಕೊಂಡು ಅಂಚೆ ಕಚೇರಿಗೆ ಹೋದೆ. ಕಳಿಸುವವರ ಹೆಸರು ಹಿಂದೆ ಬರೆಯಬೇಕು ಅಂತ ಗೊತ್ತಿತ್ತು. ನನ್ನ ಹೆಸರು ಬರೆದಿದ್ದೆ. ಅದರ ಕೆಳಗೆ ಗಟ್ಟಿಬಾಯಿಯದು, ಹೆತ್ತವರು ಇಟ್ಟದ್ದು. ಅದರ ಕೆಳಗೆ ಕುಂಟಕ್ಕನದು. ಹಾಗೆ ಎಲ್ಲರದೂ. ಕವರಿನ ಬೆನ್ನು ತುಂಬಿಹೋಗಿತ್ತು.

ಕೌಂಟರಿನ ಹೆಂಗಸು ತೂಕಕ್ಕೆ ಇಟ್ಟು, ತಿರುಗಿಸಿ ನೋಡಿ, "ಒಬ್ಬರ ಹೆಸರು ಸಾಕು ಅಜ್ಜಿ, ಇಷ್ಟ್ಯಾಕೆ?" ಅಂದಳು.

"ಇಷ್ಟು ಜನ ಕಳಿಸ್ತಿದೀವಿ," ಅಂದೆ.

ಅವಳು ನಂಬರಿನ ಚೀಟಿ ಬಿಡಿಸಿ ಅಂಟಿಸಲು ಹೋದಳು. ಅದು ಸರಿಯಾಗಿ ಕುಂಟಕ್ಕನ ಹೆಸರಿನ ಮೇಲೆ ಬರುತ್ತಿತ್ತು. ಅಲ್ಲಿ ಬೇಡಮ್ಮ, ಹೆಸರು ಮುಚ್ಚುತ್ತೆ ಅಂದೆ. ಅವಳು ಕವರನ್ನು ಆ ಕಡೆ ಈ ಕಡೆ ತಿರುಗಿಸಿದಳು. ನನ್ನ ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ನಾನು ಜರುಗಲಿಲ್ಲ. ಕೊನೆಗೆ ಅವಳು ಮುಂಭಾಗದಲ್ಲಿ, ಇಲಾಖೆಯ ವಿಳಾಸದ ಪಕ್ಕ, ಅಂಚಿನಲ್ಲಿ ಒಂದಿಷ್ಟು ಜಾಗ ಹುಡುಕಿ ಚೀಟಿ ಒತ್ತಿದಳು. ಠಸ್ಸೆ ಹೊಡೆದಳು. ಹಿಂದಿದ್ದ ಚೀಲಕ್ಕೆ ಹಾಕಿದಳು.